ಕೆಲಸ, ಓದು, ಎರಡು ಊರಿನ ಹಿರಿಯರು: ಭಾನುವಾರವೆಲ್ಲ ಬಸ್ಸಿನಲ್ಲೇ ಕಳೆಯುತ್ತಿದೆ, ಏನು ಮಾಡಲಿ?

ನಿಮಗೆ ಹುಬ್ಬಳ್ಳಿಯಲ್ಲಿ ಕೆಲಸ, ಪತಿಗೆ ಧಾರವಾಡದಲ್ಲಿ ಪಿಎಚ್.ಡಿ. ಓದು, ಅತ್ತೆ-ಮಾವ ಗದಗದಲ್ಲಿ, ತವರು ಹಾವೇರಿ. ಮದುವೆಯಾಗಿ ಎಂಟು ತಿಂಗಳಾದರೂ ಯಾರಿಗೂ ಸಮಾಧಾನವಿಲ್ಲ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನಮ್ಮ ಮೊದಲ ವರ್ಷ ನೆನಪಾಯಿತು.

ನಾನು ಹುಬ್ಬಳ್ಳಿಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ನಮ್ಮವರು ಆಗ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಿ, ಮಧ್ಯಾಹ್ನದಿಂದ ರಾತ್ರಿಯವರೆಗೆ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರು. ಅತ್ತೆ-ಮಾವ ಮುಳಗುಂದದ ಹತ್ತಿರದ ಹಳ್ಳಿಯಲ್ಲಿದ್ದಾರೆ, ನನ್ನ ತವರು ಬ್ಯಾಡಗಿ. ಹುಬ್ಬಳ್ಳಿಯಿಂದ ಗದಗ ಪೂರ್ವಕ್ಕೆ, ಹಾವೇರಿ ದಕ್ಷಿಣಕ್ಕೆ. ಒಂದೇ ಭಾನುವಾರ ಎರಡೂ ಕಡೆ ಮುಖ ತೋರಿಸಲು ಹೋಗಿ, ಎರಡೂ ಮನೆಯಲ್ಲಿ ಚಹಾ ಕುಡಿದು ಎದ್ದು ಬಂದ ದಿನಗಳು ಎಷ್ಟೋ.

ಆದರೆ ಹಿರಿಯರಿಗೆ ನೋವಾದದ್ದು ನಾವು ಹೋಗದಿದ್ದಕ್ಕಲ್ಲ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ, ಅಂದರೆ ಅಡುಗೆಯ ಎಡೆ, ಚೆಲ್ಲುವ ಹಬ್ಬ ಶೀಗಿ ಹುಣ್ಣಿಮೆ. ಆ ವರ್ಷ ಅದಕ್ಕೆ ಕರೆಯಲು ಅತ್ತೆ ಫೋನ್ ಮಾಡಿದಾಗ "ನೋಡುತ್ತೇವೆ, ಸಾಧ್ಯವಾದರೆ ಬರುತ್ತೇವೆ" ಎಂದಿದ್ದೆ. ನನಗೆ ಲೆಕ್ಕ ಮುಗಿಸುವ ಒತ್ತಡ, ನಮ್ಮವರಿಗೆ ಮರುವಾರವೇ ಪರೀಕ್ಷೆ. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೊಲಕ್ಕೆ ಹೊರಟ ಬಂಡಿಯನ್ನು ನಿಲ್ಲಿಸಿಕೊಂಡು, ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ಅತ್ತೆ ಮಧ್ಯಾಹ್ನದವರೆಗೂ ಕಾದರಂತೆ. ಮುಂದೆ ಹೋದಾಗ ಮಾವ ಒಂದೇ ಮಾತು ಹೇಳಿದರು: "ಬರುವುದಿಲ್ಲ ಎಂದಿದ್ದರೆ ಹೊತ್ತಿಗೆ ಸರಿಯಾಗಿ ಚರಗ ಚೆಲ್ಲಿ ಬರುತ್ತಿದ್ದೆವು, ತಂಗಿ. ದಾರಿ ಕಾಯಿಸಬಾರದು." ಆ ಮಾತು ನನಗೆ ಇಂದಿಗೂ ನಾಟಿದೆ.

ಅಂದಿನಿಂದ "ನೋಡೋಣ" ಎನ್ನುವುದನ್ನು ಬಿಟ್ಟೆವು, ತಾರೀಖನ್ನೇ ಹೇಳುತ್ತೇವೆ. ತಿಂಗಳ ಮೊದಲ ವಾರ ಮುಳಗುಂದ, ಮೂರನೆಯ ವಾರ ಬ್ಯಾಡಗಿ. ಶನಿವಾರ ಸಂಜೆಯೇ ಹೋಗಿ ರಾತ್ರಿ ಉಳಿಯುತ್ತೇವೆ. ಅತ್ತೆ ಮನಸ್ಸು ಬಿಚ್ಚಿ ಮಾತನಾಡುವುದು ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆಯೇ, ಹಗಲು ಬಂದು ಹೋಗುವವರಿಗೆ ಅದು ಸಿಗುವುದಿಲ್ಲ. ಉಳಿದ ಎರಡು ಭಾನುವಾರ ನಾವು ಎಲ್ಲಿಗೂ ಹೋಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ "ನಿನಗೆ ಟಿಕೆಟ್ ಇಲ್ಲವಲ್ಲ, ವಾರ ವಾರ ಬಾ" ಎಂದು ಅವ್ವ ಹೇಳಿದಳು. ದುಡ್ಡು ಉಳಿದದ್ದು ನಿಜ, ಮೈ ದಣಿವು ತಪ್ಪುವುದಿಲ್ಲವಲ್ಲ ಎಂದು ತಿಳಿಸಿ ಹೇಳಿದೆ, ಒಪ್ಪಿದಳು. ಪಂಚಮಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಿಲ್ಲ. ಅಣ್ಣ ಕರೆಯಲು ಬಂದರೆ ಹೊರಟೆ, ಅಷ್ಟೇ.

ಮನೆಯ ವಿಷಯ: ನಾವು ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಬಾಡಿಗೆಗೆ ಇದ್ದೇವೆ. ಈ ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸಿಗೆ ಪ್ರತ್ಯೇಕ ದಾರಿ ಇರುವುದರಿಂದ ನಾನು ಹುಬ್ಬಳ್ಳಿಗೆ, ಅವರು ಧಾರವಾಡಕ್ಕೆ ಹೋಗಿ ಬರುವುದು ಸುಲಭವಾಯಿತು. ನೀವು ಹುಬ್ಬಳ್ಳಿಯ ಒಳಗಿದ್ದರೆ ಇದನ್ನೊಮ್ಮೆ ಯೋಚಿಸಿ.

ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಅವರು ಊರಿಗೆ ಬರುತ್ತಿರಲಿಲ್ಲ, ಮುಳಗುಂದಕ್ಕೆ ನಾನೊಬ್ಬಳೇ ಹೋಗುತ್ತಿದ್ದೆ. ಮೊದಲ ಸಲ ಬಹಳ ಅಂಜಿಕೆಯಾಗಿತ್ತು, ಗಂಡನಿಲ್ಲದೆ ಆ ಮನೆಯಲ್ಲಿ ನಾನು ಯಾರು ಎಂಬಂತೆ. ಆದರೆ ಅತ್ತೆ ನನಗೆ ಹತ್ತಿರವಾದದ್ದು ಆ ಎರಡು ತಿಂಗಳಲ್ಲೇ. ಧಾರವಾಡದಲ್ಲಿ ಓದುವ ಮಕ್ಕಳಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಕಳಿಸುವುದು ನಮ್ಮ ಕಡೆ ಹಳೆಯ ರೂಢಿಯಲ್ಲವೇ? ಅತ್ತೆಯೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡತೊಡಗಿದರು. ವಾರದ ನಾಲ್ಕು ದಿನ ಪಲ್ಯ ಒಂದನ್ನು ಮಾಡಿದರೆ ಸಾಕಾಗುತ್ತಿತ್ತು. ಕೇಳಲು ಸಂಕೋಚಪಡಬೇಡಿ. ಮಕ್ಕಳಿಗೆ ನಾವಿನ್ನೂ ಬೇಕು ಎಂದು ಹಿರಿಯರಿಗೂ ಅನ್ನಿಸಬೇಕು.

ನಿಮ್ಮ ಪತಿಯ ಓದು ಪರೀಕ್ಷೆಯಂತೆ ಎರಡು ತಿಂಗಳಲ್ಲಿ ಮುಗಿಯುವುದಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೇ ಯಾವ ವಾರ ಯಾವ ಊರು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ ಎನ್ನುತ್ತಿದ್ದೇನೆ. ಈ ಭಾನುವಾರ ಇಬ್ಬರೂ ಮನೆಯಲ್ಲೇ ಇರಿ. ನೀವು ಗದಗಕ್ಕೆ ಫೋನ್ ಮಾಡಿ, ಹಾವೇರಿಗೆ ನಿಮ್ಮ ಪತಿ ಮಾಡಲಿ. ಮುಂದೆ ಯಾವ ಶನಿವಾರ ಬರುತ್ತೀರಿ ಎಂದು ತಾರೀಖು ಹೇಳಿ, ಆ ರಾತ್ರಿ ಅಲ್ಲೇ ಉಳಿಯುತ್ತೇವೆ ಎಂಬುದನ್ನೂ ಹೇಳಿ.