ಮಾರ್ಕರ್ ಹಿಡಿದು ಭಾರದ ಜಾಗ ಹುಡುಕಬೇಡಿ

ವೇಗವಾಗಿ ತಿರುಗುವ ಟೆಸ್ಟ್ ರಿಗ್ಗನ್ನು (ಪರೀಕ್ಷೆಯ ಯಂತ್ರವನ್ನು) ತಾವೇ ಕಟ್ಟಿಕೊಂಡವರು ಕಳುಹಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತಪ್ಪಿನಿಂದ ಹುಟ್ಟುತ್ತವೆ. ಕಂಪನದ ಕಾರಣವನ್ನು ಅಳೆದು ತಿಳಿಯುವ ಮೊದಲೇ ತೂಕ ಕೂಡಿಸಲು ಹೊರಡುತ್ತಾರೆ. ಆದ್ದರಿಂದ ಈ ಸಲ ಒಂದು ಪ್ರಶ್ನೆಗೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಬೇರಿಂಗ್ ಕೂರಿಸುವ ಕ್ರಮ, ಡಯಲ್ ಗೇಜ್‌ನಲ್ಲಿ ಶಾಫ್ಟ್ ನೋಡುವ ಕ್ರಮ ಗೊತ್ತಿಲ್ಲದವರು ಇಂಥ ರಿಗ್ಗನ್ನು ಚಾಲೂ ಮಾಡಲೇಬಾರದು. ಅವನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: 200 ಮಿ.ಮೀ. ವ್ಯಾಸದ, 2 ಕೆ.ಜಿ. ತೂಕದ ಉಕ್ಕಿನ ತಟ್ಟೆಯನ್ನು 12,000 ಆರ್‌ಪಿಎಂನಲ್ಲಿ ತಿರುಗಿಸಬೇಕಿದೆ. 4,000ದವರೆಗೆ ಸುಮ್ಮನಿರುತ್ತದೆ, 7,000ದ ಹತ್ತಿರ ಇಡೀ ಚೌಕಟ್ಟು ಅದುರುತ್ತದೆ. 8,000 ದಾಟಿಸಿ, ತಿರುಗುವ ಶಾಫ್ಟ್‌ಗೆ ಮಾರ್ಕರ್ ತಾಗಿಸಿ, ಗುರುತು ಬಿದ್ದ ಕಡೆಗೆ ಎದುರಾಗಿ ತೂಕ ಹಾಕಿದೆ. ಕಂಪನ ಇನ್ನೂ ಹೆಚ್ಚಾಯಿತು. ಏಕೆ?

ಮೊದಲು ನಿಮ್ಮ ಕೈಯ ವಿಚಾರ. ಆ ವೇಗದಲ್ಲಿ ತಿರುಗುವ ಶಾಫ್ಟ್ ಬಳಿ ಕೈ ಒಯ್ಯುವುದನ್ನು ಇಂದೇ ನಿಲ್ಲಿಸಿ. 12,000 ಆರ್‌ಪಿಎಂನಲ್ಲಿ ಈ ತಟ್ಟೆಯ ಅಂಚು ಗಂಟೆಗೆ ಸುಮಾರು 450 ಕಿ.ಮೀ. ವೇಗದಲ್ಲಿ ಚಲಿಸುತ್ತಿರುತ್ತದೆ, ಅದರಲ್ಲಿ ಸುಮಾರು 7,900 ಜೂಲ್ ಶಕ್ತಿ ತುಂಬಿರುತ್ತದೆ. ಉಕ್ಕಿನ ಕವಚವಿಲ್ಲದೆ ಅದನ್ನು ತಿರುಗಿಸಬಾರದು, ಕವಚವಿದ್ದರೂ ತಟ್ಟೆ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು.

ಮಾರ್ಕರ್ ತೋರಿಸುವುದು ಶಾಫ್ಟ್ ಹೆಚ್ಚು ಹೊರಗೆ ಬಾಗಿದ ಬದಿಯನ್ನು ಮಾತ್ರ. ಭಾರ ಹೆಚ್ಚಿರುವ ಬದಿ ಅದೇ ಆಗಿರಬೇಕೆಂದಿಲ್ಲ. ತಿರುಗುವ ವೇಗವು ರಿಗ್ಗಿನ ಸಹಜ ಕಂಪನಾಂಕಕ್ಕೆ ಹೊಂದಿ ಅದುರಾಟ ತುಂಬ ಏರುವ ವೇಗಕ್ಕೆ ಕ್ರಿಟಿಕಲ್ ವೇಗ ಎನ್ನುತ್ತಾರೆ. ಅದಕ್ಕಿಂತ ಸಾಕಷ್ಟು ಕೆಳಗೆ ಇವೆರಡೂ ಒಂದೇ ಕಡೆ ಇರುತ್ತವೆ, ಕ್ರಿಟಿಕಲ್ ವೇಗದಲ್ಲಿ ಅವುಗಳ ನಡುವೆ ಸುಮಾರು 90 ಡಿಗ್ರಿ ಅಂತರವಿರುತ್ತದೆ, ಅದನ್ನು ಚೆನ್ನಾಗಿ ದಾಟಿದ ಮೇಲೆ ಅವು ಪರಸ್ಪರ ಎದುರಾಗುತ್ತವೆ. ತಿರುಗುವ ಶಾಫ್ಟ್‌ಗಳ ಕಂಪನವನ್ನು ಅಧ್ಯಯನ ಮಾಡಿದ ಜೆಫ್‌ಕಾಟ್ 1919ರಲ್ಲೇ ಇದನ್ನು ಸರಿಯಾಗಿ ವಿವರಿಸಿದ್ದಾರೆ. ನೀವು 7,000 ದಾಟಿದ ಮೇಲೆ ಗುರುತು ಹಾಕಿ ಅದರ ಎದುರಿಗೆ ತೂಕ ಕೂಡಿಸಿದ್ದೀರಿ, ಅಂದರೆ ಮೊದಲೇ ಭಾರವಾಗಿದ್ದ ಬದಿಗೇ ಮತ್ತಷ್ಟು ಭಾರ ಸೇರಿಸಿದ್ದೀರಿ.

7,000ದ ಹತ್ತಿರ ಇರುವುದು ಅನುರಣನೆ (ರೆಸೊನೆನ್ಸ್), ಅಂದರೆ ಕ್ರಿಟಿಕಲ್ ವೇಗವೇ ಎಂಬುದು ನನ್ನ ಬಲವಾದ ಅನುಮಾನ. ಖಚಿತಪಡಿಸಿಕೊಳ್ಳಲು ಬೇರಿಂಗ್ ಮನೆಯ ಮೇಲೆ ಸೆನ್ಸರ್ ಕೂರಿಸಿ, ರಿಗ್ಗನ್ನು 8,000ಕ್ಕೆ ಒಯ್ದು ಕರೆಂಟ್ ಕಡಿದು, ವೇಗ ತಾನಾಗಿ ಇಳಿಯುವಾಗ ಕಂಪನವನ್ನು ದಾಖಲಿಸಿ. ಕರೆಂಟ್ ಹೋದ ಕ್ಷಣವೇ ಕಂಪನ ಅಡಗಿದರೆ ದೋಷ ಮೋಟರಿನ ವಿದ್ಯುತ್ ಭಾಗದಲ್ಲಿದೆ. 7,000ಕ್ಕೆ ಬಂದಾಗ ಏರಿ ಮತ್ತೆ ಇಳಿದರೆ ಅದು ಅನುರಣನೆ. ರಿಗ್ ಪೂರ್ತಿ ನಿಂತ ಮೇಲೆ ಚೌಕಟ್ಟನ್ನೂ ಶಾಫ್ಟನ್ನೂ ಬೇರೆ ಬೇರೆಯಾಗಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ; ಸುಮಾರು 117 ಹರ್ಟ್ಸ್ ಯಾವುದರಲ್ಲಿ ಎದ್ದು ಕಾಣುತ್ತದೋ ಅದನ್ನೇ ಬಿಗಿಗೊಳಿಸಬೇಕು. ಚೌಕಟ್ಟಾದರೆ ಅಡ್ಡಪಟ್ಟಿ ಬೆಸೆಯಿರಿ, ಶಾಫ್ಟಾದರೆ ಬೇರಿಂಗನ್ನು ತಟ್ಟೆಯ ಹತ್ತಿರಕ್ಕೆ ತನ್ನಿ.

ಬ್ಯಾಲೆನ್ಸ್ ಮಾಡುವ ಕೆಲಸವನ್ನು 3,000 ಆರ್‌ಪಿಎಂನಲ್ಲಿ ಮಾಡಿ. ತೂಕವಿಲ್ಲದೆ ಒಮ್ಮೆ ಕಂಪನ ಅಳೆಯಿರಿ. ನಂತರ ಒಂದೇ ಪರೀಕ್ಷಾ ತೂಕವನ್ನು ಒಂದೇ ತ್ರಿಜ್ಯದಲ್ಲಿ, 120 ಡಿಗ್ರಿ ಅಂತರದ ಮೂರು ಜಾಗಗಳಲ್ಲಿ ಒಂದೊಂದಾಗಿ ಕೂರಿಸಿ, ಪ್ರತಿ ಸಲವೂ ಅದೇ ವೇಗದಲ್ಲಿ ಅಳೆಯಿರಿ. ಮೊದಲ ಅಳತೆಯನ್ನು ತ್ರಿಜ್ಯವಾಗಿಟ್ಟು ಕಾಗದದಲ್ಲಿ ವೃತ್ತ ಬರೆದು, ಪರಿಧಿಯ ಮೇಲೆ ಆ ಮೂರು ಜಾಗ ಗುರುತಿಸಿ, ಅವುಗಳಿಂದ ಆಯಾ ಅಳತೆಯ ಕಂಸಗಳನ್ನು ಎಳೆಯಿರಿ. ಮೂರೂ ಕೂಡುವ ಬಿಂದುವಿನ ದಿಕ್ಕಿನಲ್ಲೇ ತಿದ್ದುವ ತೂಕ ಕೂರಬೇಕು. ಮೊದಲ ಅಳತೆಯನ್ನು ಕೇಂದ್ರದಿಂದ ಆ ಬಿಂದುವಿಗಿರುವ ದೂರದಿಂದ ಭಾಗಿಸಿ, ಪರೀಕ್ಷಾ ತೂಕದಿಂದ ಗುಣಿಸಿದರೆ ಅದರ ಪ್ರಮಾಣ ಸಿಗುತ್ತದೆ. ಈ ವಿಧಾನದಲ್ಲಿ ಯಾವ ಬದಿ ಭಾರ ಎಂದು ಊಹಿಸಬೇಕಾಗಿಲ್ಲ, ಮಾರ್ಕರ್ ಕೂಡ ಬೇಡ.

ಇನ್ನೊಂದು ವಿಷಯವನ್ನು ನೀವು ಹೇಳಿಲ್ಲ, ಆದರೆ ನೀವು ಕಳುಹಿಸಿದ ಚಿತ್ರದಲ್ಲಿ ಕಾಣುತ್ತದೆ: ತಟ್ಟೆಯನ್ನು ಒಂದೇ ಗ್ರಬ್ ಸ್ಕ್ರೂ (ಬದಿಯಿಂದ ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ) ಹಿಡಿದಿದೆ. ಬ್ಯಾಲೆನ್ಸ್ ಕುರಿತ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 21940ರ ಜಿ 2.5 ದರ್ಜೆಯಂತೆ 12,000 ಆರ್‌ಪಿಎಂನಲ್ಲಿ ತಟ್ಟೆಯ ಭಾರಕೇಂದ್ರ ಅಕ್ಷದಿಂದ ಸುಮಾರು 2 ಮೈಕ್ರಾನ್ ಮಾತ್ರ ಸರಿಯಬಹುದು. ತೂತಿಗೂ ಶಾಫ್ಟಿಗೂ ವ್ಯಾಸದಲ್ಲಿ 20 ಮೈಕ್ರಾನ್ ಸಡಿಲವಿದ್ದರೆ ಸ್ಕ್ರೂ ಬಿಗಿದೊಡನೆ ತಟ್ಟೆ ಒಂದು ಬದಿಗೆ 10 ಮೈಕ್ರಾನ್ ಸರಿದುಬಿಡುತ್ತದೆ. ಮಿತಿಯ ಐದು ಪಟ್ಟು ದೋಷ ಅಲ್ಲಿಯೇ ಸೇರಿಕೊಂಡಿತು, ಮತ್ತು ಪ್ರತಿ ಸಲ ಬಿಚ್ಚಿ ಬಿಗಿದಾಗಲೂ ಅದು ಬದಲಾಗುತ್ತದೆ. ತಟ್ಟೆಯನ್ನು ಸುತ್ತಲೂ ಸಮನಾಗಿ ಹಿಡಿಯುವ ಓರೆ ಕೊಳವೆ, ಅಂದರೆ ಟೇಪರ್ ಸ್ಲೀವ್ ಹಾಕಿಸಿಕೊಳ್ಳುವವರೆಗೆ ಬ್ಯಾಲೆನ್ಸ್ ಮಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ಕಂಪನ ಹೋಗುತ್ತದೆ ಎಂದು ಮಾರುವವರು ಹೇಳಿದರು. ನಿಜವೇ?

ನೆಲಕ್ಕೆ ಹೋಗುವ ಕಂಪನ ಕಡಿಮೆಯಾಗಬಹುದು, ಬೇರಿಂಗ್ ತಿನ್ನುವ ಪೆಟ್ಟು ಹಾಗೆಯೇ ಇರುತ್ತದೆ. ಕಾರಣ ಅಳೆಯದೆ ಪ್ಯಾಡ್ ಮಾರುವವರ ಮಾತಿಗೆ ಬೆಲೆ ಕೊಡಬೇಡಿ.

ಪ್ರಶ್ನೆ: ಕ್ರಿಟಿಕಲ್ ವೇಗ ದಾಟಿದರೆ ತಾನೇ ಶಾಂತವಾಗುತ್ತದಂತೆ. ಜೋರಾಗಿ ದಾಟಿಸಿಬಿಡಬಹುದೇ?

ಚೆನ್ನಾಗಿ ಬ್ಯಾಲೆನ್ಸ್ ಆದ, ಸಾಕಷ್ಟು ಡ್ಯಾಂಪಿಂಗ್ (ಕಂಪನ ಹೀರುವ ಗುಣ) ಇರುವ ಯಂತ್ರದಲ್ಲಿ ಅದು ನಿಜ. ನಿಮ್ಮ ಮೋಟರಿಗೆ ಬಲ ಸಾಲದಿದ್ದರೆ ಕೊಟ್ಟ ಶಕ್ತಿಯೆಲ್ಲ ಕಂಪನಕ್ಕೇ ಹೋಗಿ, ಜರ್ಮನ್ ಭೌತವಿಜ್ಞಾನಿ ಸಾಮರ್‌ಫೆಲ್ಡ್ 1902ರಲ್ಲಿ ತೋರಿಸಿದಂತೆ, ವೇಗ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನಿಲ್ಲಿಸುವಾಗ ಅದೇ ವೇಗದ ಮೂಲಕ ಮತ್ತೊಮ್ಮೆ ಇಳಿಯಬೇಕು ಎಂಬುದೂ ನೆನಪಿರಲಿ.

ಪ್ರಶ್ನೆ: ಫೋನಿನ ಆ್ಯಪ್‌ನಲ್ಲಿ ಅಳೆದರೆ ಸಾಲದೇ?

12,000 ಆರ್‌ಪಿಎಂ ಎಂದರೆ 200 ಹರ್ಟ್ಸ್. ಅದನ್ನು ಹಿಡಿಯಲು ಸೆಕೆಂಡಿಗೆ 400ಕ್ಕಿಂತ ಹೆಚ್ಚು ಸಲ ಅಳೆಯಬೇಕು. ಅಷ್ಟು ವೇಗವಿಲ್ಲದ ಫೋನು ಇಲ್ಲದ ಕಂಪನಾಂಕವನ್ನು ಇದೆಯೆಂದು ತೋರಿಸುತ್ತದೆ.

ಪ್ರಶ್ನೆ: ಪರೀಕ್ಷಾ ತೂಕವನ್ನು ಟೇಪಿನಿಂದ ಅಂಟಿಸಬಹುದೇ?

ಬೇಡ. ತಟ್ಟೆಯ ಮುಖದಲ್ಲಿ ಮೊದಲೇ ಸಮ ಅಂತರದಲ್ಲಿ ಸ್ಕ್ರೂ ಕೂರುವಂತೆ ಥ್ರೆಡ್ ಕೊರೆದ ತೂತುಗಳನ್ನು ಮಾಡಿಸಿ, ಸ್ಕ್ರೂ ಹಾಕಿ.