ಬಾರ್ ಎಷ್ಟಿರಬೇಕು ಎಂದು ಇನ್ನೆಷ್ಟು ಸಲ ಕೇಳುತ್ತೀರಿ?

ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ಬಗ್ಗೆ ಇನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬಾರ್, ಅಂದರೆ ಒತ್ತಡದ ಅಳತೆ, ಎಷ್ಟಿರಬೇಕು ಎಂಬ ಅದೇ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತಲೇ ಇದೆ. ಪಂಪ್ ಬಿಚ್ಚಿ ಜೋಡಿಸುವುದು ನನ್ನ ಕಸುಬು. ಕೊಳ್ಳುವಾಗ ಮಾಡಿದ ತಪ್ಪುಗಳೆಲ್ಲ ಕೊನೆಗೆ ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ. ಆದ್ದರಿಂದ ಈ ಬಾರಿ ಒಂದು ಪ್ರಶ್ನೆಗೆ ಹೊಟ್ಟೆ ತುಂಬ ಉತ್ತರ, ಉಳಿದವಕ್ಕೆ ಅವುಗಳ ಯೋಗ್ಯತೆಯಷ್ಟು. ಯಂತ್ರವನ್ನು ನಲ್ಲಿಗೆ ಜೋಡಿಸುವುದು ಹೇಗೆ, ಗನ್ ಸಿಕ್ಕಿಸುವುದು ಹೇಗೆ ಎಂಬುದನ್ನೆಲ್ಲ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಕೈಪಿಡಿ ಇರುತ್ತದೆ, ಓದಿ.

ಪ್ರಶ್ನೆ: ಅಂಗಳ, ಕಾರು, ಕಾಂಪೌಂಡ್ ಗೋಡೆ ತೊಳೆಯಲು ಪ್ರೆಷರ್ ವಾಷರ್ ಕೊಳ್ಳಬೇಕೆಂದಿದ್ದೇನೆ. ಒಂದರ ಮೇಲೆ 130 ಬಾರ್ ಎಂದಿದೆ, ಇನ್ನೊಂದರ ಮೇಲೆ 210 ಬಾರ್. ಬೆಲೆ ಹೆಚ್ಚುಕಡಿಮೆ ಒಂದೇ. 210ರದ್ದನ್ನೇ ತೆಗೆದುಕೊಳ್ಳುವುದು ಜಾಣತನವಲ್ಲವೇ?

ಉತ್ತರ: ಅಲ್ಲ. ಅದೇ ಬೆಲೆಗೆ 80 ಬಾರ್ ಪುಕ್ಕಟೆ ಸಿಗುತ್ತಿದೆ ಎಂದು ಹಿಗ್ಗುವ ಬದಲು ನಿಮಗೆ ಅನುಮಾನ ಬರಬೇಕಿತ್ತು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಮರೆತುಬಿಡಿ. ಯಂತ್ರವನ್ನು ಮಗುಚಿ, ಹಿಂಬದಿಯಲ್ಲೋ ಅಡಿಯಲ್ಲೋ ಅಂಟಿಸಿರುವ ಚಿಕ್ಕ ಲೇಬಲ್ ನೋಡಿ. ಅಲ್ಲಿ ಮೂರು ಸಂಖ್ಯೆಗಳಿರಬೇಕು: ಮೋಟಾರಿನ ವ್ಯಾಟ್, ಕೆಲಸದ ಒತ್ತಡ, ನಿಮಿಷಕ್ಕೆ ಎಷ್ಟು ಲೀಟರ್ ನೀರು. ಕೆಲಸದ ಒತ್ತಡ ಬೇರೆ, ಗರಿಷ್ಠ ಒತ್ತಡ ಬೇರೆ. ಗರಿಷ್ಠ ಎಂಬುದು ನೀರಿನ ದಾರಿ ಕಟ್ಟಿದಾಗ ಪಂಪಿನೊಳಗೆ ಕ್ಷಣಮಾತ್ರ ಏರುವ ಒತ್ತಡ. ಆ ಕ್ಷಣದಲ್ಲಿ ನಿಮ್ಮ ಅಂಗಳಕ್ಕೆ ಒಂದು ಹನಿಯೂ ಬಿದ್ದಿರುವುದಿಲ್ಲ. ಹಾಗೆಯೇ 'ಗರಿಷ್ಠ ನೀರು' ಎಂಬುದು ಗನ್ನಿನ ತುದಿಯ ನಾಜಲ್ ಕಳಚಿ ಸುಮ್ಮನೆ ಹರಿಯಬಿಟ್ಟಾಗ ಬರುವ ಲೆಕ್ಕ. ಹಮಾಲಿಯೊಬ್ಬ ನೂರು ಕಿಲೋ ಮೂಟೆ ಎತ್ತಬಲ್ಲ, ಬರಿಗೈಯಲ್ಲಿ ಜೋರಾಗಿ ಓಡಲೂ ಬಲ್ಲ. ಆದರೆ ನೂರು ಕಿಲೋ ಹೊತ್ತು ಅದೇ ವೇಗದಲ್ಲಿ ಓಡುತ್ತಾನೆ ಎಂದು ಯಾರಾದರೂ ಬರೆದರೆ ನಂಬುತ್ತೀರಾ? ಪೆಟ್ಟಿಗೆಯವರು ಬರೆಯುವುದು ಅದನ್ನೇ.

ಸುಳ್ಳು ಹಿಡಿಯಲು ಒಂದು ಸಣ್ಣ ಲೆಕ್ಕ ಸಾಕು. ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ, 600ರಿಂದ ಭಾಗಿಸಿ. ಬರುವುದು ನೀರಿಗೆ ಸೇರಬೇಕಾದ ಶಕ್ತಿ, ಕಿಲೋವ್ಯಾಟ್‌ನಲ್ಲಿ. ಲೇಬಲ್‌ನಲ್ಲಿ 1500 ವ್ಯಾಟ್, 100 ಬಾರ್, 5.5 ಲೀಟರ್ ಎಂದಿದೆ ಎನ್ನಿ. 100ನ್ನು 5.5ರಿಂದ ಗುಣಿಸಿ 600ರಿಂದ ಭಾಗಿಸಿದರೆ 0.92 ಕಿಲೋವ್ಯಾಟ್, ಅಂದರೆ 920 ವ್ಯಾಟ್. ಒಂದೂವರೆ ಸಾವಿರದಲ್ಲಿ ಒಂದು ಪಾಲು ಶಾಖಕ್ಕೂ ಸದ್ದಿಗೂ ಹೋಗಿ ಅಷ್ಟು ಉಳಿಯುವುದು ಸಹಜ, ಲೇಬಲ್ ನಂಬಬಹುದು. ಇನ್ನೊಂದರಲ್ಲಿ 1400 ವ್ಯಾಟ್, 210 ಬಾರ್, 10 ಲೀಟರ್ ಎಂದಿದೆ. ಲೆಕ್ಕ ಹಾಕಿದರೆ 3.5 ಕಿಲೋವ್ಯಾಟ್! ವಿದ್ಯುತ್ತಿನಿಂದ ಎಳೆದುಕೊಂಡದ್ದರ ಎರಡೂವರೆ ಪಟ್ಟು ಶಕ್ತಿಯನ್ನು ನೀರಿಗೆ ಕೊಡುವ ಯಂತ್ರವಿದ್ದರೆ ಅದರಿಂದ ಅಂಗಳ ಏಕೆ ತೊಳೆಯಬೇಕು, ಊರಿಗೇ ದೀಪ ಹಚ್ಚಬಹುದಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುವ ಈ ಲೆಕ್ಕವನ್ನು ಅಂಗಡಿಯಲ್ಲಿ ನಿಂತು ಮಾಡಿ. ಕೆಲವು ಪೆಟ್ಟಿಗೆಗಳ ಮೇಲೆ ಪಿಎಸ್‌ಐ ಎಂದಿರುತ್ತದೆ, 14.5ರಿಂದ ಭಾಗಿಸಿದರೆ ಬಾರ್ ಸಿಗುತ್ತದೆ. ಸಾವಿರದ ಲೆಕ್ಕದ ಸಂಖ್ಯೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ ಎಂಬುದಷ್ಟೇ ಅದರ ಮಹಿಮೆ.

ಇನ್ನು ನಿಮಗೆ ಬೇಕಾದದ್ದು. ಒತ್ತಡ ಕೊಳೆಯನ್ನು ಸಡಿಲಿಸುತ್ತದೆ, ಹೊತ್ತೊಯ್ಯುವುದು ನೀರು. ಒತ್ತಡವೊಂದೇ ಹೆಚ್ಚಿ ನೀರು ಸಾಲದಿದ್ದರೆ ಪಾಚಿ ನೆಲ ಬಿಡುತ್ತದೆ, ಆದರೆ ಹಸಿರು ಗೊಜ್ಜಿನಂತೆ ಅಲ್ಲೇ ಹರಡಿಕೊಂಡು, ಒಣಗಿದ ಮೇಲೆ ಮತ್ತೆ ಅಂಟಿಕೊಳ್ಳುತ್ತದೆ. ಕಾರು, ಬೈಕಿಗೆ 70ರಿಂದ 100 ಬಾರ್ ಧಾರಾಳ. ಸಿಮೆಂಟ್ ಅಂಗಳಕ್ಕೆ, ಕಲ್ಲುಹಾಸಿಗೆ 100ರಿಂದ 130. ನೀವು ಹೇಳಿದ ಮೂರೂ ಕೆಲಸಕ್ಕೆ ಕೆಲಸದ ಒತ್ತಡ 110–120 ಬಾರ್, ನಿಮಿಷಕ್ಕೆ 6ರಿಂದ 7 ಲೀಟರ್, ಮೋಟಾರ್ 1800–2000 ವ್ಯಾಟ್ ಇರುವ ಯಂತ್ರ ಸಾಕು. ಅದಕ್ಕಿಂತ ದೊಡ್ಡದನ್ನು ಕೊಂಡರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಗುಬ್ಬಿ ಹಾರಿಹೋಗುತ್ತದೆ, ಗೋಡೆಯ ಬಣ್ಣವೂ ಅದರ ಜೊತೆಗೆ ಹೋಗುತ್ತದೆ.

ಬಾರ್ ಬಾರ್ ಎಂದು ಬಡಿದುಕೊಳ್ಳುವವರು ನಾಜಲ್ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಪೆಟ್ಟು ಎಷ್ಟು ಗಟ್ಟಿ ಎಂಬುದನ್ನು ಕೊನೆಗೆ ನಿರ್ಧರಿಸುವುದು ನಾಜಲ್ ಮತ್ತು ದೂರ. ಬಿಡಿ ನಾಜಲ್‌ಗಳಿಗೆ ಸಾಮಾನ್ಯವಾಗಿ ಬಣ್ಣದ ಗುರುತಿರುತ್ತದೆ: ಕೆಂಪು ಸೊನ್ನೆ ಡಿಗ್ರಿ, ಅಂದರೆ ಸೂಜಿಯಂಥ ಒಂದೇ ಧಾರೆ; ಹಳದಿ 15, ಹಸಿರು 25, ಬಿಳಿ 40 ಡಿಗ್ರಿಯ ಬೀಸಣಿಗೆ; ಕಪ್ಪು ಸೋಪಿಗೆ. ಮನೆಯ ಕೆಲಸದ ಬಹುಪಾಲು ಹಸಿರು ಮತ್ತು ಬಿಳಿಯಲ್ಲಿ ಮುಗಿಯುತ್ತದೆ. ಕೆಂಪನ್ನು ಡ್ರಾಯರಿಗೆ ಹಾಕಿ ಬೀಗ ಜಡಿಯಿರಿ.

ಹೀಗೆ ಹೇಳಲು ಕಾರಣವಿದೆ. ನನ್ನ ಹಿತ್ತಲಿನಲ್ಲಿ ಹಳೆಯ ಮರದ ಬೆಂಚೊಂದಿದೆ. ಒಂದು ಸಂಜೆ ಕತ್ತಲಾಗುವ ಮೊದಲು ಮುಗಿಸಿಬಿಡೋಣ ಎಂಬ ಅವಸರದಲ್ಲಿ, ಗನ್ನಿನಲ್ಲಿ ಯಾವ ನಾಜಲ್ ಇದೆ ಎಂದೂ ನೋಡದೆ ಟ್ರಿಗರ್ ಒತ್ತಿದೆ. ಇದ್ದದ್ದು ಕೆಂಪು. ಹಲಗೆಯ ಉದ್ದಕ್ಕೂ ಉಳಿಯಿಂದ ಕೆತ್ತಿದಂಥ ಒಂದು ಗೀರು, ಅದರ ಎರಡೂ ಅಂಚಿನಲ್ಲಿ ಹತ್ತಿಯಂತೆ ಎದ್ದು ನಿಂತ ಮರದ ನಾರು. ಎರಡು ದಿನ ಮರಳುಕಾಗದ ಉಜ್ಜಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಆ ಗೀರು ಇವತ್ತಿಗೂ ಸಿಗುತ್ತದೆ. ಆ ಯಂತ್ರ ಬರೀ 100 ಬಾರಿನದು.

ಆದ್ದರಿಂದ ಯಾವುದನ್ನೇ ತೊಳೆಯುವಾಗಲೂ ಎರಡು ಅಡಿ ದೂರದಿಂದ ಆರಂಭಿಸಿ, ಕೊಳೆ ಬಿಡುವವರೆಗೆ ಮಾತ್ರ ಹತ್ತಿರ ಹೋಗಿ. ಕಾರಿನ ಟೈರಿಗೂ ಅದರ ವಾಲ್ವಿಗೂ ಕನಿಷ್ಠ 30 ಸೆಂಟಿಮೀಟರ್ ಬಿಡಿ. ಟೈರಿನ ಪಕ್ಕದ ರಬ್ಬರ್ ಒಳಗೊಳಗೇ ಹಾಳಾದರೆ ಅದು ಗೊತ್ತಾಗುವುದು ರಸ್ತೆಯಲ್ಲಿ. ಗಿರಗಿರನೆ ತಿರುಗುವ ಟರ್ಬೊ ನಾಜಲ್ ಕೂಡ ಸೊನ್ನೆ ಡಿಗ್ರಿಯ ಧಾರೆಯೇ. ಸಿಮೆಂಟಿಗೆ ಸೈ, ಕಾರಿನ ಹತ್ತಿರ ತರಬೇಡಿ. ಇಟ್ಟಿಗೆಗಳ ನಡುವಿನ ಹಳೆಯ ಗಾರೆ, ಸುಣ್ಣದ ಗಿಲಾವು, ಮರಳು ತುಂಬಿದ ಕಲ್ಲುಹಾಸಿನ ಸಂದು, ಇವಕ್ಕೆ ನೇರವಾಗಿ ಹೊಡೆದರೆ ಕೊಳೆಗಿಂತ ಮೊದಲು ಅವೇ ಎದ್ದುಹೋಗುತ್ತವೆ.

ಮೋಟಾರಿನಲ್ಲಿ ಎರಡು ಜಾತಿ. ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರ್ ಹಗುರ, ಅಗ್ಗ, ಕಿವಿ ಕಿತ್ತುಹೋಗುವಷ್ಟು ಸದ್ದು, ಬ್ರಷ್ ಸವೆಯುತ್ತದೆ. ಇಂಡಕ್ಷನ್ ಮೋಟಾರ್ ಭಾರ, ದುಬಾರಿ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ತಿಂಗಳಿಗೊಮ್ಮೆ ಅರ್ಧ ಗಂಟೆ ಬಳಸುವವರಿಗೆ ಮೊದಲನೆಯದು ಸಾಕು, ವಾರವಾರ ಗಂಟೆಗಟ್ಟಲೆ ತೊಳೆಯುವವರು ಎರಡನೆಯದಕ್ಕೆ ಹೋಗಲಿ. ಮಾರುವವನು 'ಇಂಡಕ್ಷನ್' ಎನ್ನುತ್ತಲೇ ಯಂತ್ರವನ್ನು ಕಿರುಬೆರಳಲ್ಲಿ ಎತ್ತಿ ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ. ಪಂಪಿನ ತಲೆ ಪ್ಲಾಸ್ಟಿಕ್ಕೋ ಲೋಹವೋ ಕೇಳಿ. ಲೋಹವಾದರೆ ಒಳ್ಳೆಯದು, ಹಿತ್ತಾಳೆಯಾದರೆ ಇನ್ನೂ ಒಳ್ಳೆಯದು. ಪಂಪಿನಲ್ಲಿ ನೀರು ಸೋರದಂತೆ ತಡೆಯುವ ಸೀಲ್ ಮತ್ತು ಮೋಟಾರಿನ ಬ್ರಷ್ ಬಿಡಿಯಾಗಿ ಸಿಗುತ್ತವೆಯೇ ಎಂಬುದನ್ನು ಹಣ ಕೊಡುವ ಮೊದಲು ವಿಚಾರಿಸಿ.

ಕೊನೆಯದಾಗಿ ನೀರು. ನನ್ನಲ್ಲಿಗೆ ಬರುವ ಪಂಪ್‌ಗಳಲ್ಲಿ ಹೆಚ್ಚಿನವು ಸತ್ತಿರುವುದು ಬಾಯಾರಿಕೆಯಿಂದ. ಬಿಚ್ಚಿದರೆ ಒಂದೇ ದೃಶ್ಯ: ಮೃದುವಾಗಿರಬೇಕಾದ ಸೀಲ್ ಗಟ್ಟಿಯಾಗಿ ಕರ್ರಗೆ ಸೀದಿರುತ್ತದೆ, ಕನ್ನಡಿಯಂತೆ ಹೊಳೆಯಬೇಕಾದ ಪಿಸ್ಟನ್ ಮೇಲೆ ಉದ್ದುದ್ದ ಗೆರೆ, ನೀರು ಒಳಬರುವ ಕಡೆಯ ಜಾಲರಿಯಲ್ಲಿ ಒಂದು ಚಿಟಿಕೆ ಮರಳು. ಯಂತ್ರ ಕೊಳ್ಳುವ ಮೊದಲೇ ನಿಮ್ಮ ನಲ್ಲಿಯ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ನಿಮಿಷಕ್ಕೆ 6 ಲೀಟರ್ ಕುಡಿಯುವ ಪಂಪಿಗೆ, ಸ್ವಲ್ಪ ಹೆಚ್ಚೇ ನೀರು ಸಿಗುವಂತೆ, ಆ ಬಕೆಟ್ ಒಂದೂಕಾಲು ನಿಮಿಷದೊಳಗೆ ತುಂಬಬೇಕು. ತಾರಸಿಯ ಟ್ಯಾಂಕಿನಿಂದ ನೀರು ಬರುವವರು ಇನ್ನೂ ಎಚ್ಚರವಾಗಿರಿ: 10 ಮೀಟರ್ ಎತ್ತರದ ನೀರಿಗೆ ಸಿಗುವುದು ಸುಮಾರು ಒಂದು ಬಾರ್ ಒತ್ತಡ, ನಿಮ್ಮ ಟ್ಯಾಂಕ್ ನಲ್ಲಿಯಿಂದ ಮೂರು ಮೀಟರ್ ಮೇಲಿದ್ದರೆ ಬರೀ 0.3 ಬಾರ್. ಅಂಥವರು ಡ್ರಮ್ಮಿನಿಂದ ತಾನೇ ನೀರು ಎಳೆದುಕೊಳ್ಳಬಲ್ಲ ಯಂತ್ರ ಕೊಂಡು, ಡ್ರಮ್ಮನ್ನು ಅದರ ಪಕ್ಕದಲ್ಲೇ ಇಡಲಿ. ಮೊದಲು ನೀರು ಬಿಡಿ, ಸ್ವಿಚ್ ಹಾಕದೆ ಟ್ರಿಗರ್ ಒತ್ತಿ ಹಿಡಿಯಿರಿ, ಗಾಳಿ ಉಗುಳುವುದು ನಿಂತು ನೀರು ಎಡೆಬಿಡದೆ ಬಂದ ಮೇಲೆ ಮೋಟಾರ್ ಚಾಲೂ ಮಾಡಿ. ಕೆಲಸ ಮುಗಿದಾಗ ಇದರ ತಿರುಗುಮುರುಗು: ಮೋಟಾರ್ ಆರಿಸಿ, ನಲ್ಲಿ ಮುಚ್ಚಿ, ಟ್ರಿಗರ್ ಒತ್ತಿ ಪೈಪಿನೊಳಗೆ ಸಿಕ್ಕಿಕೊಂಡ ಒತ್ತಡ ಬಿಡಿ. ಇಷ್ಟು ಮಾಡಿದವರ ಮುಖವನ್ನು ನಾನು ಮತ್ತೆ ನೋಡುವುದೇ ಇಲ್ಲ.

ಪ್ರಶ್ನೆ: ಬ್ಲೀಚ್ ಅಥವಾ ಆಸಿಡ್ ಬೆರೆಸಿದ ನೀರನ್ನು ಯಂತ್ರದಲ್ಲಿ ಹಾಯಿಸಿದರೆ ಪಾಚಿ ಒಂದೇ ಸಲಕ್ಕೆ ಹೋಗುತ್ತದೆ ಎಂದು ವಿಡಿಯೊ ಒಂದರಲ್ಲಿ ನೋಡಿದೆ. ನಿಜವೇ?

ಉತ್ತರ: ಪಾಚಿ ಹೋಗಬಹುದು, ಪಂಪ್ ಹೋಗುವುದಂತೂ ಖಚಿತ. ಸೀಲ್ ಊದಿಕೊಳ್ಳುತ್ತದೆ, ಲೋಹ ತಿಂದುಹೋಗುತ್ತದೆ. ವಿಡಿಯೊ ಮಾಡಿದ ಮಹಾನುಭಾವ ಮೂರು ತಿಂಗಳ ನಂತರದ ವಿಡಿಯೊ ಹಾಕುವುದಿಲ್ಲ. 'ಎರಡನ್ನೂ ಸೇರಿಸಿದರೆ ಡಬಲ್ ಪವರ್' ಎಂದು ಹೇಳುವವರೂ ಇದ್ದಾರಂತೆ. ಬ್ಲೀಚಿಗೆ ಆಸಿಡ್ ಬೆರೆತರೆ ಹೊರಬರುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ ಜರ್ಮನ್ ಸೇನೆ ಬೆಲ್ಜಿಯಂನ ಈಪ್ರ ಬಳಿ ಶತ್ರುಗಳ ಮೇಲೆ ಬಿಟ್ಟದ್ದು ಅದನ್ನೇ. ಅದನ್ನು ನೀವು ನಿಮ್ಮ ಹಿತ್ತಲಲ್ಲಿ ಬಿಡಬೇಕಿಲ್ಲ. ಪ್ರೆಷರ್ ವಾಷರಿಗೆಂದೇ ಮಾಡಿದ ಸೋಪನ್ನು ಕಪ್ಪು ನಾಜಲಿನಲ್ಲೋ ಸೋಪಿನ ಬಾಟಲಿಯಲ್ಲೋ ಕಡಿಮೆ ಒತ್ತಡದಲ್ಲಿ ಹಚ್ಚಿ. ಹತ್ತು ನಿಮಿಷ ನೆನೆಯಲಿ, ಒಣಗಲು ಬಿಡಬೇಡಿ. ಆಮೇಲೆ ತೊಳೆಯಿರಿ. ನೆನೆಯುವ ಆ ಹತ್ತು ನಿಮಿಷ ಮಾಡುವ ಕೆಲಸವನ್ನು ಹೆಚ್ಚುವರಿ 50 ಬಾರ್ ಮಾಡುವುದಿಲ್ಲ.

ಪ್ರಶ್ನೆ: ಸೌರ ಫಲಕ, ಎಸಿಯ ಹೊರಗಿನ ಘಟಕ, ಹಳೆಯ ಕಲ್ನಾರಿನ ಶೀಟು, ಇವನ್ನೂ ಇದರಲ್ಲೇ ತೊಳೆಯಬಹುದೇ?

ಉತ್ತರ: ಫಲಕದ ಗಾಜಿನಡಿಯ ಸೆಲ್ ಬಿರುಕು ಬಿಡಬಹುದು, ಎಸಿಯ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ಕಲ್ನಾರಿನ ಎಳೆ ಎದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಮೂರಕ್ಕೂ ಬೇಡ.

ಪ್ರಶ್ನೆ: ಯಂತ್ರದ ತಂತಿ ಸಾಕೆಟ್ಟಿನವರೆಗೆ ತಲುಪುವುದಿಲ್ಲ. ಟಿವಿಗೆ ಹಾಕಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಸಾಲದೇ?

ಉತ್ತರ: ಸಾಲದು. 10 ಮೀಟರ್ ಒಳಗಾದರೆ 1.5 ಚದರ ಮಿಲಿಮೀಟರ್, ಅದಕ್ಕಿಂತ ಉದ್ದವಾದರೆ 2.5 ಚದರ ಮಿಲಿಮೀಟರ್ ತಂತಿ, ಮೂರು ಪಿನ್, ಅರ್ಥಿಂಗ್ ಸಹಿತ. ಸುರುಳಿಯನ್ನು ಪೂರ್ತಿ ಬಿಚ್ಚಿ, ಜೋಡಣೆ ಒದ್ದೆ ನೆಲಕ್ಕೆ ತಾಗದಂತೆ ಎತ್ತರದಲ್ಲಿಡಿ. ಆ ಸಾಕೆಟ್ಟಿಗೆ 30 ಮಿಲಿಆಂಪಿಯರಿನ ವಿದ್ಯುತ್ ಸೋರಿಕೆ ರಕ್ಷಣೆಯ ಬ್ರೇಕರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಯಂತ್ರ ಆಮೇಲೆ ಕೊಂಡರಾಯಿತು.

ಪ್ರಶ್ನೆ: ಟ್ರಿಗರ್ ಮುಟ್ಟದಿದ್ದರೂ ಯಂತ್ರ ಆಗಾಗ ತಾನೇ ಗುರ್ರೆಂದು ಚಾಲೂ ಆಗಿ ನಿಲ್ಲುತ್ತದೆ. ಮೋಟಾರ್ ಕೆಟ್ಟಿತೇ?

ಉತ್ತರ: ಇಲ್ಲ, ಎಲ್ಲೋ ಸೋರುತ್ತಿದೆ. ಜೋಡಣೆಗಳ ರಬ್ಬರ್ ಉಂಗುರ ನೋಡಿ.

ಪ್ರಶ್ನೆ: ತೊಳೆಯುತ್ತಿರುವಾಗ ಕಾಲಿನ ಕೆಸರನ್ನೂ ದೂರದಿಂದ ತೊಳೆದುಕೊಂಡರೆ ತಪ್ಪೇನು?

ಉತ್ತರ: ಈ ಪ್ರಶ್ನೆ ಓದಿ ಎದ್ದು ಸ್ವಲ್ಪ ಹೊತ್ತು ಓಡಾಡಿ ಬಂದೆ. ಮರದಲ್ಲಿ ಗೀರು ಕೊರೆಯುವ ಧಾರೆಗೆ ಚರ್ಮ ಯಾವ ಲೆಕ್ಕ? ಧಾರೆ ಒಳಹೊಕ್ಕರೆ ಹೊರಗೆ ಕಾಣುವುದು ಗುಂಡುಸೂಜಿ ಚುಚ್ಚಿದಷ್ಟು ಗಾಯ. ನೋವೂ ಮೊದಲಿಗೆ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ನೀರು, ಸೋಪು, ಕೊಳೆ ಸ್ನಾಯುಗಳ ನಡುವೆ ನುಗ್ಗಿ ಹರಡಿರುತ್ತದೆ. ಹಾಗಾದರೆ ಅರಿಸಿನ ಮೆತ್ತಿಕೊಂಡು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, 'ಹೆಚ್ಚು ಒತ್ತಡದ ನೀರು ಚರ್ಮದೊಳಗೆ ಹೋಗಿದೆ' ಎಂದು ಬಿಡಿಸಿ ಹೇಳಿ. ಹೇಳದಿದ್ದರೆ ಸಣ್ಣ ಗಾಯವೆಂದು ಪಟ್ಟಿ ಕಟ್ಟಿ ಕಳುಹಿಸಿಬಿಡಬಹುದು. ಚಪ್ಪಲಿಯಲ್ಲಿ ನಿಂತು ತೊಳೆಯಬೇಡಿ, ಮುಚ್ಚಿದ ಶೂ ಹಾಕಿ, ಕಣ್ಣಿಗೆ ಕನ್ನಡಕ. ಮಕ್ಕಳ ಕೈಗೆ ಗನ್ ಕೊಟ್ಟು ಫೋಟೊ ತೆಗೆಯುವವರಿಗೆ ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ವರ್ಷಕ್ಕೆ ಎರಡು ಸಲ ಅಂಗಳ ತೊಳೆಯಲು ಯಾವುದನ್ನು ಕೊಳ್ಳಲಿ?

ಉತ್ತರ: ಯಾವುದನ್ನೂ ಬೇಡ. ಆರಾರು ತಿಂಗಳು ಮೂಲೆಯಲ್ಲಿ ಒಣಗಿದ ಪಂಪಿನ ಸೀಲ್ ಅಂಟಿಕೊಳ್ಳುತ್ತದೆ. ಬಾಡಿಗೆಗೆ ತನ್ನಿ, ಸಂಜೆಗೆ ವಾಪಸ್ ಕೊಡಿ. ತರುವಾಗ ಕೆಂಪು ನಾಜಲನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.