ನೋವಿನ ಜೆಲ್ ಹಚ್ಚಿ ಮೇಲೆ ಬಿಸಿ ಶಾಖ ಕೊಟ್ಟರೆ ಬೇಗ ಒಳಗೆ ಇಳಿಯುತ್ತಾ?

ಅಮ್ಮನ ಮಂಡಿಗೆ ಜೆಲ್ ಹಚ್ಚಿದರೂ ನೋವು ಹೋಗುತ್ತಿಲ್ಲ, ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧಿ ಚೆನ್ನಾಗಿ ಇಳಿಯುತ್ತಾ ಅಂತ ಕೇಳಿದ್ದೀರಿ. ಇಳಿಯುತ್ತದೆ. ಆದರೂ ಇಡಬೇಡಿ. ನಾನು ಇಟ್ಟು ಬೈಸಿಕೊಂಡವನು.

ಶಿಡ್ಲಘಟ್ಟದಲ್ಲಿ ಮೆಡಿಕಲ್ ಸ್ಟೋರ್ ಕೌಂಟರ್ ಹಿಂದೆ ನಿಂತು ಹನ್ನೊಂದು ವರ್ಷ ಆಯಿತು. ಡಿ.ಫಾರ್ಮಾ ಓದಿದವನೇ. ಆದರೂ ಒಂದು ರಾತ್ರಿ ಅಪ್ಪನ ಮಂಡಿಗೆ ಜೆಲ್ ಬಳಿದು, ಪ್ಲಾಸ್ಟಿಕ್ ಕವರ್ ಸುತ್ತಿ, ಮೇಲೆ ಬಿಸಿನೀರಿನ ಚೀಲ ಇಟ್ಟೆ. ಅರ್ಧ ಗಂಟೆಗೆ "ಉರೀತೈತೆ ಕಣೋ, ತೆಗಿಯೋ" ಅಂದರು. ಬಿಚ್ಚಿದರೆ ಚಿಪ್ಪಿನ ಸುತ್ತ ಕೆಂಪಗೆ ಬೊಬ್ಬೆ. ಆ ಜೆಲ್‌ನಲ್ಲಿ ನೋವಿನ ಔಷಧಿ ಡೈಕ್ಲೋಫೆನಾಕ್ ಜೊತೆ ತಣ್ಣಗೆನಿಸುವ ಮೆಂಥಾಲ್, ನೋವಿನ ಮುಲಾಮುಗಳಲ್ಲಿ ಹಾಕುವ ಮಿಥೈಲ್ ಸ್ಯಾಲಿಸಿಲೇಟ್ ಎರಡೂ ಇದ್ದವು. ಇಂಥವು ಹಚ್ಚಿದ ಕಡೆ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ 2012ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು. ಬಿಸಿ ಬೇಡ, ಬಿಗಿ ಕಟ್ಟೂ ಬೇಡ.

ನಮ್ಮದು ರೇಷ್ಮೆ ಊರು, ಇಲ್ಲಿನವರಿಗೆ ಚರ್ಮದ ವಿಷಯ ಹೇಳುವುದು ಸುಲಭ. ರೇಷ್ಮೆ ಗೂಡಿನ ಎಳೆಗಳನ್ನು ಅಂಟು ಹಿಡಿದಿಟ್ಟಿರುತ್ತದೆ. ಬಿಸಿನೀರಿಗೆ ಹಾಕಿದರೆ ಅಂಟು ಸಡಿಲವಾಗಿ ಎಳೆ ಬಿಡುತ್ತದೆ, ಅಲ್ವಾ? ಚರ್ಮದ ಮೇಲ್ಪದರವೂ ಸುಮಾರು ಹಾಗೇ. ಕೂದಲಿಗಿಂತ ತೆಳು, ಒಣಗಿದ ಜೀವಕೋಶಗಳ ಸಾಲು, ಮಧ್ಯೆ ಕೊಬ್ಬಿನ ಅಂಟು. ಬಿಸಿ, ತೇವ, ಆಲ್ಕೋಹಾಲ್, ಮೆಂಥಾಲ್ ಎಲ್ಲವೂ ಆ ಅಂಟನ್ನು ಸಡಿಲಿಸುತ್ತವೆ. ಅಂದರೆ ಒಳಗೆ ಇಳಿಸುವ ಕೆಲಸಕ್ಕೆ ಬೇಕಾದ್ದನ್ನು ಕಂಪನಿಯವರು ಜೆಲ್‌ಗೇ ಹಾಕಿ ಕೊಟ್ಟಿರುತ್ತಾರೆ. ಅದರ ಮೇಲೆ ನಾವು ಶಾಖ ಕೊಟ್ಟರೆ ಅತಿ ಆಗುತ್ತದೆ. ಇನ್ನು ಡೈಕ್ಲೋಫೆನಾಕ್ ಅಣು ಚಿಕ್ಕದು, ಸುಮಾರು 296 ಡಾಲ್ಟನ್ (ಅಣುವಿನ ತೂಕದ ಅಳತೆ). 500 ದಾಟಿದರೆ ಚರ್ಮ ಸಾಮಾನ್ಯವಾಗಿ ಬಿಡುವುದಿಲ್ಲ. ಇದು ನುಸುಳುತ್ತದೆ.

ಹಾಗಾದರೆ ನೋವು ಯಾಕೆ ಹೋಗಲ್ಲ? ನಾನು ಕೌಂಟರ್‌ನಲ್ಲಿ ನೋಡುವ ಕಾರಣ ಒಂದೇ: ಹಚ್ಚುವುದು ಕಡಿಮೆ. ಕಡಲೆಕಾಳಿನಷ್ಟು ತೆಗೆದು ಇಡೀ ಮಂಡಿಗೆ ಸವರುತ್ತಾರೆ. ಮೂವತ್ತು ಗ್ರಾಂ ಟ್ಯೂಬ್ ಯುಗಾದಿಗೆ ತಂದರೆ ದಸರಾಗೂ ಇರುತ್ತದೆ! 1% ಡೈಕ್ಲೋಫೆನಾಕ್ ಜೆಲ್‌ಗೆ ಅಮೆರಿಕದಲ್ಲಿ ಒಂದು ಮಂಡಿಗೆ ಹೇಳುವ ಅಳತೆ ಒಂದು ಸಲಕ್ಕೆ 4 ಗ್ರಾಂ, ದಿನಕ್ಕೆ ನಾಲ್ಕು ಸಲ. ಅಂದರೆ ಆ ಟ್ಯೂಬ್ ಎರಡು ದಿನಕ್ಕೆ ಖಾಲಿ. ಜೇಬಿಗೆ ಭಾರ, ನಿಜ. ಅಮ್ಮನಿಗೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ, ಆದರೆ ಕಡಲೆಕಾಳಿನ ಲೆಕ್ಕ ಬಿಡಿ.

ಹಚ್ಚುವ ಮುಂಚೆ ಆ ಜಾಗ ತೊಳೆದು ಒರೆಸಿ. ಮೆತ್ತಗೆ ಸವರಿ, ಜೋರಾಗಿ ತಿಕ್ಕುವುದೇನೂ ಬೇಡ. ಹತ್ತು ನಿಮಿಷ ಬಟ್ಟೆ ಮುಚ್ಚಬೇಡಿ, ಒಂದು ಗಂಟೆ ನೀರು ಮುಟ್ಟಿಸಬೇಡಿ. ನೂಲು ಬಿಚ್ಚುವ ಹೆಂಗಸರು ಮಣಿಕಟ್ಟು ನೋವು ಅಂತ ಬರುತ್ತಾರೆ. ಹಚ್ಚಿದ ಐದು ನಿಮಿಷಕ್ಕೆ ಕೈ ಮತ್ತೆ ಬಿಸಿನೀರಿಗೆ. ಔಷಧಿಯೆಲ್ಲ ಗೂಡಿನ ಪಾಲು! ಅವರಿಗೆ ಕೆಲಸ ಮುಗಿದ ಮೇಲೆ ಹಚ್ಚಿ ಅನ್ನುತ್ತೇನೆ.

ತಣ್ಣಗೆ ಆಯಿತು ಅಂದರೆ ಔಷಧಿ ಇಳಿಯಿತು ಅಂತಲ್ಲ. ಅದು ಮೆಂಥಾಲ್ ನರಕ್ಕೆ ಮಾಡುವ ಮೋಸ. ಫಿಸಿಯೋಥೆರಪಿಯವರು ಅಲ್ಟ್ರಾಸೌಂಡ್ ಅಥವಾ ಸಣ್ಣ ಕರೆಂಟ್ ಬಳಸಿ ಔಷಧಿ ಒಳಗೆ ತಳ್ಳುವುದುಂಟು, ಅದನ್ನು ಅವರೇ ಮಾಡಲಿ.

ಸರಿಯಾಗಿ ಹಚ್ಚಿದರೂ ಪವಾಡ ಆಗುವುದಿಲ್ಲ. ಮಂಡಿ ಸವೆತದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಡೈಕ್ಲೋಫೆನಾಕ್ ಹಚ್ಚಿದ ನೂರರಲ್ಲಿ ಸುಮಾರು 60 ಜನಕ್ಕೆ ಒಳ್ಳೆ ಆರಾಮ, ಔಷಧಿ ಇಲ್ಲದ ಜೆಲ್ ಹಚ್ಚಿದವರಲ್ಲಿ 50 ಜನಕ್ಕೆ. ಲಾಭ ಏನಂದರೆ, ಮಾತ್ರೆಗೆ ಹೋಲಿಸಿದರೆ ರಕ್ತಕ್ಕೆ ಸೇರುವುದು ಸುಮಾರು 6% ಅಷ್ಟೇ, ಹೊಟ್ಟೆಗೆ ಕಾಟ ಕಡಿಮೆ.

ಅಮ್ಮ ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ, ಅಥವಾ ಕಿಡ್ನಿ ತೊಂದರೆ ಇದ್ದರೆ, ಈಗ ಹಚ್ಚುತ್ತಿರುವ ಟ್ಯೂಬನ್ನು ಮೊದಲು ಡಾಕ್ಟರಿಗೆ ತೋರಿಸಿ.